ಹಲ್ಲುನೋವಿನ ಕೇಸು ಮತ್ತು ಮೈಕ್ ಸೆಟ್ಟಿನ ರಾಜಣ್ಣ

ಸ್ನೇಹಿತರೇ, ಇವತ್ತು ಒಂದೇ ಏಟಿಗೆ ನಲವತ್ತು ಡಾಕ್ಟರುಗಳ ಮಾನ ಹರಾಜಾಯಿತು. ನಾನೂ ಅವರಲ್ಲೊಬ್ಬ.

ತುಮಕೂರಿನ ಶಿರಾ ಗೇಟ್ ಹತ್ತಿರದ ಹಾಲ್‌ನಲ್ಲಿ ಎಮರ್ಜೆನ್ಸಿ ಡಾಕ್ಟರುಗಳಿಗೇ ಪಾಠ ಹೇಳುವ ಸಿಎಂಇ ಎಂಬ ತರಬೇತಿ ಇತ್ತು. ಕುಣಿಗಲ್‌ನಿಂದ ನಾನೂ ಹೋಗಿದ್ದೆ. ನಮ್ಮ ಸೀನಿಯರ್ ಒಬ್ಬರು ತಮ್ಮ ಕಷ್ಟದ ಕೇಸೊಂದನ್ನು ಪರದೆಯ ಮೇಲೆ ತೋರಿಸಿದರು. ಗುಬ್ಬಿ ಕಡೆಯ ರೋಗಿ ಹಲ್ಲುನೋವು ಎಂದು ಬಂದಿದ್ದ. ಇಸಿಜಿ ತೆಗೆದರೆ ಹಾರ್ಟ್ ಅಟ್ಯಾಕ್! ನಾವೆಲ್ಲ ಚಪ್ಪಾಳೆ ತಟ್ಟಿದೆವು. ಸರ್ ನಿಟ್ಟುಸಿರು ಬಿಟ್ಟು, "ಜೀವ ಉಳಿಸಿದ್ವಿ. ಆಮೇಲೆ ಆಸಾಮಿ ಚೆಕಪ್‌ಗೆ ಈ ಕಡೆ ತಲೇನೇ ಹಾಕ್ಲಿಲ್ಲ. ನಮ್ ಜನಕ್ಕೆ ಆರೋಗ್ಯದ ಕಾಳಜಿ ಇರೋದು ಇಷ್ಟೇ" ಎಂದರು.

ತಕ್ಷಣ ಸ್ಪೀಕರಿನಲ್ಲಿ ಇನ್ನೊಂದು ದನಿ ಕೇಳಿಸಿತು. ಹಿಂದೆ ಕೂತಿದ್ದ ಮೈಕ್ ಸೆಟ್ಟಿನ ರಾಜಣ್ಣನದು. ಬೆಳಿಗ್ಗೆ ಸರ್ ಕಾಲರಿಗೆ ಮೈಕ್ ಸಿಕ್ಕಿಸಿದ್ದೂ ಇವರೇ. ಆಗಲೂ ಸರ್‌ಗೆ ಗುರುತು ಸಿಕ್ಕಿರಲಿಲ್ಲ.

"ಸಾರ್, ಆ ಹಲ್ಲುನೋವಿನೋನು ನಾನೇ. ಎಲ್ಡ್ ಸಲ ಬಂದಿದ್ದೆ. ಎಲ್ಡ್ ಸಲಾನೂ ಸಿಸ್ಟರು, ಡಾಕ್ಟ್ರು ಸಿಎಂಇಗೆ ಹೋಗವ್ರೆ ಅಂದ್ರು. ಮಾತ್ರೆ ಮುಗ್ದು ತಿಂಗ್ಳಾಯ್ತು. ಈಗಾದ್ರೂ ಹೇಳಿ ಸಾರ್, ನುಂಗ್ಬೇಕಾ, ಬ್ಯಾಡ್ವಾ?"

ಸರ್ ಒಂದು ಲೋಟ ನೀರು ಕುಡಿದರು. ಆಮೇಲೆ ವೇದಿಕೆಯಿಂದ ಇಳಿದು ಬಂದು, ಇನ್ವಿಟೇಶನ್ನಿನ ಹಿಂದೆಯೇ ಮಾತ್ರೆ ಬರೆದುಕೊಟ್ಟರು. ನಿರೂಪಕಿ ಅವಸರದಲ್ಲಿ ಊಟದ ವಿರಾಮ ಘೋಷಿಸಿದರು.

ಪಾಠ ಕೇಳಿದ ನಮಗೆಲ್ಲ ಸರ್ಟಿಫಿಕೇಟೂ ಸಿಕ್ಕಿತು, ಹೋಳಿಗೆ ಊಟವೂ ಸಿಕ್ಕಿತು. ಪಾಠ ಮಾಡಿದ ರಾಜಣ್ಣನನ್ನು ಮಾತ್ರ ಕೂಪನ್ ಇಲ್ಲವೆಂದು ಊಟದ ಹಾಲ್‌ನ ಬಾಗಿಲಲ್ಲೇ ನಿಲ್ಲಿಸಿದರು.