ಎರಡರಿಂದ ಶುರುವಾದ ಹಾಡು

ಮಂಗಳವಾರ ಬೆಳಿಗ್ಗೆ ಆರೂವರೆಗೆ ಬೀದರ ಬಸ್ ನಿಲ್ದಾಣದಲ್ಲಿ ಇಳಿದಾಗ ಹಲ್ಲು ಕಟಕಟ ಎನ್ನುವ ಚಳಿ. ಹುಬ್ಬಳ್ಳಿಯಿಂದ ಸ್ವೆಟರ್ ತರುವುದನ್ನು ಮರೆತಿದ್ದೆ, ಮುನ್ನೂರು ಸ್ಟಿಕ್ಕರುಗಳನ್ನು ಮಾತ್ರ ಮರೆತಿರಲಿಲ್ಲ. ಪ್ರತಿ ಸ್ಟಿಕ್ಕರಿನ ಮೇಲೆ ಒಂದು ಕ್ಯೂಆರ್ ಕೋಡ್, ಕೆಳಗೆ ದಪ್ಪ ಅಕ್ಷರದಲ್ಲಿ ಹಾಡಿನ ಹೆಸರು: ‘ಎರಡು ಮೂರು ನಾಕು’. ಪ್ರಯಾಣದ ಖರ್ಚು ಎಷ್ಟಾಯಿತೆಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಸರ್ಕಾರಿ ಬಸ್ಸಿನಲ್ಲಿ ನಮ್ಮಂಥ ಹೆಂಗಸರಿಗೆ ಸೊನ್ನೆ ಟಿಕೆಟ್. ನಾಲ್ಕು ದಿನದ ಸೊನ್ನೆಗಳನ್ನು ಪರ್ಸಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ನಮ್ಮದು ಒಂದೇ ಕೋಣೆಯ ಮ್ಯೂಸಿಕ್ ಲೇಬಲ್, ಹೆಸರು ‘ತಗಡು’. ಇರುವವರು ಇಬ್ಬರೇ. ಚೇತನ ಕಂಪ್ಯೂಟರಿನಲ್ಲಿ ಎಲೆಕ್ಟ್ರಾನಿಕ್ ಸಂಗೀತ ಕಟ್ಟುತ್ತಾನೆ, ಅದನ್ನು ಜನರ ಕಿವಿಗೆ ಮುಟ್ಟಿಸುವ ಹೊಣೆ ನನ್ನದು. ಹೋದ ವರ್ಷ ಅವನು ಬೀದರಿನ ಕಾಳಿನ ಪೇಟೆ ಗಾಂಧಿ ಗಂಜ್‌ಗೆ ಬಂದು, ರತ್ನಾಬಾಯಿ ಎಂಬವರು ಹಿತ್ತಾಳೆಯ ಸೇರಿನಿಂದ ತೊಗರಿಬೇಳೆ ಅಳೆಯುತ್ತ ಎಣಿಸುವುದನ್ನು ಅವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿದ್ದ. ಆ ದನಿಯ ಕೆಳಗೆ ತಾಳ ಕೂಡಿಸಿದ ಹಾಡು ಮುಂದಿನ ವಾರದ ಶುಕ್ರವಾರ ಎಲ್ಲ ಆ್ಯಪ್‌ಗಳಲ್ಲಿ ಬರುವುದಿತ್ತು. ಒಂದು ದೊಡ್ಡ ಪ್ಲೇಲಿಸ್ಟ್‌ನವರು ಅದೇ ದಿನ ನಮ್ಮ ಹಾಡನ್ನು ಸೇರಿಸಿಕೊಳ್ಳುತ್ತೇವೆ ಎಂದು ಬರೆದಿದ್ದರು. ಐದು ವರ್ಷ ಬಾಗಿಲು ಬಡಿದ ಮೇಲೆ ತೆರೆದ ಮೊದಲ ಬಾಗಿಲು ಅದು. ದನಿಯ ಊರಿನಲ್ಲೇ ಪ್ರಚಾರ ಮಾಡಿ, ರತ್ನಾಬಾಯಿ ಹಾಡು ಕೇಳುವ ಒಂದು ನಿಮಿಷದ ವಿಡಿಯೊ ತಂದುಬಿಟ್ಟರೆ ನಮ್ಮನ್ನು ಹಿಡಿಯುವವರಿಲ್ಲ ಎಂದು ಚೇತನನಿಗೆ ಹೇಳಿ ಹೊರಟಿದ್ದೆ.

ಗಂಜಿನಲ್ಲಿ ಹೊಸ ತೊಗರಿಯ ಕಾಲ. ಲಾರಿ, ಕೈಗಾಡಿಗಳ ನಡುವೆ ದಾರಿ ಮಾಡಿಕೊಳ್ಳುವಷ್ಟರಲ್ಲಿ ಕೂದಲ ತುಂಬ ಹೊಟ್ಟು. ಚಹಾ ಕುಡಿಯುತ್ತ ಚೀಲದ ಮೇಲೆ ಕುಳಿತಿದ್ದ ಶಿವರಾಜ ಎಂಬ ಹಮಾಲನ ಕಿವಿಗೆ ಹೆಡ್‌ಫೋನ್ ಹಾಕಿದೆ. ಅವನು ಕಣ್ಣು ಮುಚ್ಚಿ ಪೂರ್ತಿ ಕೇಳಿದ.

“ರತ್ನಾಬಾಯಿ ದನಿನೇ ಅದರಿ ಅಕ್ಕಾರೆ. ಚಂದ ಅದ. ಖರೆ ಮೊದಲಿಂದು ಎಲ್ಲಿ ಹೋಯ್ತ್ರಿ?”

ನಮ್ಮ ಹಿಂದಿನ ಹಾಡುಗಳನ್ನು ಕೇಳುತ್ತಿದ್ದಾನೆ ಎಂದುಕೊಂಡು, “ಇವರ ದನಿಯೊಳಗ ಇದ ಮೊದಲನೇದರಿ” ಎಂದೆ.

ಅವನು ನನ್ನ ಮುಖ ನೋಡಿ, “ಇರ್ಲಿ ಬಿಡ್ರಿ” ಎಂದು ಹೆಡ್‌ಫೋನನ್ನು ಅಂಗಿಯಿಂದ ಒರೆಸಿ ಕೊಟ್ಟ. ರತ್ನಾಬಾಯಿ ಈಗ ಗಂಜಿಗೆ ಬರುವುದಿಲ್ಲ, ಸಂತಪುರದಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ತಿಳಿಸಿದವನೂ ಅವನೇ. ಅಂದು ಹದಿನೆಂಟು ಸ್ಟಿಕ್ಕರ್ ಅಂಟಿಸಿದೆ. ಸಂಜೆ ಫೋನಿನಲ್ಲಿ ನೋಡಿದರೆ ಕೋಡ್ ಸ್ಕ್ಯಾನ್ ಮಾಡಿದವರು ಇಬ್ಬರು. ಅದರಲ್ಲಿ ಒಬ್ಬಳು ನಾನೇ.

ಬುಧವಾರ ಭಾಲ್ಕಿಗೆ ಹೋದೆ. ನಲವತ್ತು ಕಿಲೋಮೀಟರ್ ಆಸುಪಾಸು, ಬಸ್ಸಿಗೆ ಒಂದೂಕಾಲು ತಾಸು ಹಿಡಿಯಿತು. ನಿಲ್ದಾಣದ ಎದುರು ಬಿಸಿ ಸುಸಲಾ, ಮಿರ್ಚಿ ತಿಂದು, ಮದುವೆ ಮೆರವಣಿಗೆಗಳಿಗೆ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಖಲೀಲರ ಅಂಗಡಿ ಹುಡುಕಿದೆ. ಅವರು ನಮ್ಮ ಹಾಡನ್ನು ಆಳೆತ್ತರದ ಸ್ಪೀಕರಿಗೆ ಕೊಟ್ಟರು. ಶಟರ್ ಗಡಗಡ ನಡುಗಿತು, ನನಗೆ ಹೆಮ್ಮೆಯಿಂದ ಎದೆ ಉಬ್ಬಿತು.

“ಮೇಡಂ, ಬೇಸ್ ಏಕ್‌ದಂ ಮಸ್ತ್ ಅದ. ಲೇಕಿನ್ ಇದರ್ದು ಶುರುವಾತ್ ಎಲ್ಲದ? ಸೀದಾ ನಡುವ ಬಂದು ನಿಂತಂಗ ಆಗ್ತದ” ಎಂದರು ಖಲೀಲ.

ಈಗಿನ ಜನ ಕೆಲವೇ ಸೆಕೆಂಡಿನಲ್ಲಿ ಮುಂದಿನ ಹಾಡಿಗೆ ಹಾರುತ್ತಾರೆ, ಅದಕ್ಕೇ ನಾವು ಪೀಠಿಕೆ ಇಡುವುದಿಲ್ಲ ಎಂದು ಅವರಿಗೆ ಹತ್ತು ನಿಮಿಷ ಪಾಠ ಮಾಡಿದೆ. ಮೂವತ್ತು ವರ್ಷದಿಂದ ಜನರನ್ನು ಕುಣಿಸುತ್ತಿರುವ ಮನುಷ್ಯ ತಲೆ ಅಲ್ಲಾಡಿಸುತ್ತ ಕೇಳಿ, ಚಹಾ ತರಿಸಿದರು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಗುರುವಾರ ಬೀದರಿನಿಂದ ಔರಾದ ಬಸ್ಸು ಹತ್ತಿ ಸಂತಪುರದಲ್ಲಿ ಇಳಿದೆ. ಬಿಸಿಲು ಹಿತವಾಗಿತ್ತು, ದಾರಿಯುದ್ದಕ್ಕೂ ತೊಗರಿ ಕೊಯ್ದ ಹೊಲಗಳು. ರತ್ನಾಬಾಯಿಯ ಮಗಳು ಸಾಲಿ ಟೀಚರ್, ಕೆಲಸಕ್ಕೆ ಹೋಗಿದ್ದರು. ಗೋಡೆಯ ಮೇಲಿನ ಬುದ್ಧನ ಚಿತ್ರದ ಕೆಳಗೆ, ಗಂಜಿನಿಂದ ತಂದ ಹಿತ್ತಾಳೆ ಸೇರು ತಿಕ್ಕಿ ತೊಳೆದು ಫಳಫಳ ಎನ್ನುತ್ತಿತ್ತು. ರತ್ನಾಬಾಯಿ ನನಗೆ ರೊಟ್ಟಿ, ಪುಂಡಿಪಲ್ಯ ಬಡಿಸಿ, ನಾನು ತಿಂದು ಮುಗಿಸುವವರೆಗೆ ಹಾಡಿನ ಸುದ್ದಿ ಎತ್ತಲಿಲ್ಲ. ಆಮೇಲೆ ಹೆಡ್‌ಫೋನ್ ಹಾಕಿಕೊಂಡರು. ನಾನು ವಿಡಿಯೊ ಶುರು ಮಾಡಿದೆ.

ಮೊದಲು ನಕ್ಕರು. ಆಮೇಲೆ ನಗು ನಿಂತಿತು. ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

“ಬಾಯಿ, ನನ್ನ ಹೆಸರು ಹಾಕಬ್ಯಾಡ್ರಿ ಇದಕ್ಕ” ಎಂದು ನನ್ನ ಕಡೆ ತಿರುಗಿದರು.

“ಯಾಕ್ರಿ ಅವ್ವಾರ?”

“ನಾ ಎಂದೂ ಎರಡರಿಂದ ಅಳೆದಾಕಿ ಅಲ್ಲ. ನನ್ನ ಲಾಭ ಎಲ್ಲದ?”

ಆಗ ನನ್ನ ತಲೆಗೆ ಹೊಳೆಯಿತು. ಕಾಳು ಅಳೆಯುವವರು ಮೊದಲ ಸೇರಿಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಲಾಭ, ಎರಡು, ಮೂರು. ಚಿಕ್ಕಂದಿನಲ್ಲಿ ನಮ್ಮ ಕಡೆಯೂ ಕೇಳಿದ್ದೆ. ಪ್ಯಾಕೆಟ್ ಬೇಳೆ ತಂದು ತಂದು ಮರೆತೇಬಿಟ್ಟಿದ್ದೆ. ಹೋದ ವರ್ಷದ ರೆಕಾರ್ಡಿಂಗಿನಲ್ಲಿ ರತ್ನಾಬಾಯಿ ಅದನ್ನು ಉದ್ದಕ್ಕೆ ಎಳೆದು ಹೇಳಿದ್ದರು. ತಾಳಕ್ಕೆ ಕೂಡುವುದಿಲ್ಲವೆಂದು ಚೇತನ ಅದನ್ನು ಮೂಲದಿಂದಲೇ ಕತ್ತರಿಸಿ ಅಳಿಸಿದಾಗ, ಈಗ ಚುರುಕಾಯಿತು ನೋಡು ಎಂದು ಬೆನ್ನು ತಟ್ಟಿದವಳು ನಾನೇ.

“ಗಂಜಿನ ಮಂದಿ ಇದನ್ನ ಕೇಳಿದ್ರ ಏನಂತಾರ ಗೊತ್ತದೇನು? ರತ್ನಾಬಾಯಿ ಒಂದು ಸೇರು ನುಂಗ್ಯಾಳ ಅಂತಾರ. ಇಪ್ಪತ್ತೆಂಟು ವರ್ಷ ಅಳೆದೀನಿ, ಹಂಗ ಅನ್ನಿಸಿಕೊಂಡಿಲ್ಲ” ಎಂದರು. ದನಿ ಏರಿಸಲಿಲ್ಲ, ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೆಸರು ತೆಗೆದು ಹಾಡನ್ನು ಹಾಗೇ ಬಿಡಬಹುದಿತ್ತು. ಹಾಡು ಬದಲಿಸುವುದಾದರೆ ಬಿಡುಗಡೆಯನ್ನೇ ಹಿಂತೆಗೆದುಕೊಂಡು ಮೊದಲಿನಿಂದ ಕಳಿಸಬೇಕು, ಪ್ಲೇಲಿಸ್ಟಿನ ಜಾಗವೂ ಕೈಬಿಟ್ಟು ಹೋಗುತ್ತದೆ. ಆದರೂ ಗಂಜಿನಲ್ಲಿ ಶಿವರಾಜ ಒಂದೇ ಸಲಕ್ಕೆ ಆ ದನಿ ಗುರುತು ಹಿಡಿದದ್ದು ನೆನಪಾಯಿತು. ಹೆಸರು ತೆಗೆದರೂ ದನಿ ಯಾರದೆಂದು ಅಲ್ಲಿ ಎಲ್ಲರಿಗೂ ಗೊತ್ತು.

“ಅವ್ವಾರ, ಲಾಭ ಅಂತ ಈಗೊಮ್ಮೆ ಹೇಳ್ರಿ, ಅದನ್ನ ಸೇರಿಸೇ ಹಾಡು ಬಿಡ್ತೇವಿ” ಎಂದು ರೆಕಾರ್ಡರ್ ಹಿಡಿದೆ.

“ಸುಮ್ನ ಹ್ಯಾಂಗ ಅನ್ನಲಿ? ಅಳತಿ ಬೇಕಲ್ಲ” ಎಂದು ಒಳಗಿನಿಂದ ಬೇಳೆಯ ಡಬ್ಬಿ ತಂದರು. ನನ್ನ ಚೀಲದಿಂದ ಸ್ಟಿಕ್ಕರುಗಳನ್ನು ಹೊರಗೆ ತೆಗೆಸಿದರು. ಸೇರು ತುಂಬಿ, ಹಣೆಗೆ ಮುಟ್ಟಿಸಿ, “ಲಾ...ಭ” ಎಂದು ಆ ಚೀಲಕ್ಕೆ ಸುರಿದರು. ಅದೇ ಹೊತ್ತಿಗೆ ಹೊರಗೆ ಬಸ್ಸಿನ ಹಾರ್ನ್. ಇನ್ನೊಮ್ಮೆ ಎಂದೆ. “ಇನ್ನೊಮ್ಮೆ ಅಂದ್ರ ಎರಡು ಆಗ್ತದಲ್ಲ ಬಾಯಿ” ಎಂದು ನಗುತ್ತ ಬೇಳೆಯನ್ನೆಲ್ಲ ಡಬ್ಬಿಗೆ ಮರಳಿ ಸುರಿದು, ಚೀಲ ಜಾಡಿಸಿ, ಮತ್ತೆ ಹಣೆಗೆ ಮುಟ್ಟಿಸಿಕೊಂಡು ಶುರು ಮಾಡಿದರು. ಮೂರನೆಯ ಸಲಕ್ಕೆ ಸರಿಯಾಗಿ ಬಂತು. ಆ ಒಂದು ಸೇರು ಬೇಳೆ ನನಗೇ ಉಳಿಯಿತು.

ಮೊದಲು ಬಂದದ್ದು ಔರಾದಿಗೆ ಹೋಗುವ ಬಸ್ಸು, ಅದನ್ನೇ ಹತ್ತಿದೆ. ಅಲ್ಲಿಯ ಒಂದು ಖಾನಾವಳಿಯಲ್ಲಿ ಕುಳಿತು ಚೇತನನಿಗೆ ರೆಕಾರ್ಡಿಂಗ್ ಕಳಿಸಿದೆ, ಬಿಡುಗಡೆ ಹಿಂತೆಗೆದುಕೊಳ್ಳುತ್ತಿದ್ದೇನೆ ಎಂದೆ.

“ತಲಿ ಕೆಟ್ಟೈತೇನು ನಿನಗ? ಐದು ವರ್ಷ!” ಎಂದು ಕೂಗಾಡಿ ಫೋನ್ ಇಟ್ಟ. ಅವನ ಸಿಟ್ಟು ನ್ಯಾಯವಾದದ್ದೇ. ನಾನು ಗುಂಡಿ ಒತ್ತಿದೆ, ಪ್ಲೇಲಿಸ್ಟ್‌ನವರಿಗೆ ಕ್ಷಮೆ ಕೇಳಿ ಪತ್ರ ಬರೆದೆ. ಅರ್ಧ ತಾಸಿನ ಮೇಲೆ ಚೇತನ ತಾನೇ ಫೋನ್ ಮಾಡಿದ. “ಆ ಲಾಭಾ ಮುಗಿಯೂ ತನಕ ತಾಳ ಬರಬಾರದಲ?” ಎಂದು ಕೇಳಿದ.

“ಬರಬಾರದು” ಎಂದೆ.

ರಾತ್ರಿ ಬೀದರಿಗೆ ಮರಳಿದ್ದೆ, ಶುಕ್ರವಾರ ಬೆಳಿಗ್ಗೆ ಹೊಸ ಹಾಡು ನನ್ನ ಫೋನಿಗೆ ಬಂತು, ಹೆಸರು ‘ಲಾಭ’. ರತ್ನಾಬಾಯಿಯ ಮಗಳಿಗೆ ಕಳಿಸಿದೆ. ಅವರು ಸಾಲಿಯಲ್ಲಿದ್ದಿರಬೇಕು, ಇನ್ನೂ ತೆರೆದಿರಲಿಲ್ಲ. ಹುಬ್ಬಳ್ಳಿಯ ಬಸ್ಸಿಗೆ ಎರಡು ತಾಸು ಉಳಿದಿತ್ತು. ಆಟೊ ಹಿಡಿದು ಗಾಂಧಿ ಗಂಜಿಗೆ ಹೋದೆ. ಗೋಡೆಗಳ ಮೇಲಿದ್ದ ಹದಿನೆಂಟೂ ಸ್ಟಿಕ್ಕರುಗಳನ್ನು ಉಗುರಿನಿಂದ ಕೆರೆದು ತೆಗೆದು, ಶಿವರಾಜನ ಕೈಗೆ ಹೆಡ್‌ಫೋನ್ ಕೊಟ್ಟೆ.

ಬೇಳೆ ಸುರಿಯುವ ಸದ್ದು, ಆ ಉದ್ದನೆಯ ಲಾಭ, ಆಮೇಲೆ ತಾಳ. ಅವನ ಪಾದ ತಾನಾಗಿ ಕುಣಿಯತೊಡಗಿತು.

“ಈಗ ಸರಿ ಆಯ್ತು ನೋಡ್ರಿ ಅಕ್ಕಾರೆ. ನನ್ನ ನಂಬರಿಗೆ ಕಳಸ್ರಿ ಇದನ್ನ.”

ಈ ನಾಲ್ಕು ದಿನದಲ್ಲಿ ‘ಕಳಿಸಿ’ ಎಂದು ತಾವಾಗಿ ಕೇಳಿದವರು ಯಾರೂ ಇರಲಿಲ್ಲ. ಕಳಿಸಿದೆ. ಕಣ್ಣು ತುಂಬಿ ಬಂತು, ಹೊಟ್ಟಿನ ಧೂಳು ಎಂದು ಒರೆಸಿಕೊಂಡೆ.

“ಎಷ್ಟು ಮಂದಿ ಕೇಳ್ಯಾರ್ರಿ ಇಲ್ಲೀತನಕ?” ಎಂದ ಶಿವರಾಜ.

ನಾನು ಅವನ ಕಡೆ ಬೆರಳು ತೋರಿಸಿ, “ಲಾಭ” ಎಂದೆ.

ಅವನು ಗಂಜೆಲ್ಲ ಕೇಳುವಂತೆ ನಕ್ಕ. ಹೆಡ್‌ಫೋನ್ ತೆಗೆದು, ಪಕ್ಕದಲ್ಲಿ ಚೀಲ ಇಳಿಸಿ ನಿಂತಿದ್ದ ಹಮಾಲನ ಕಿವಿಗೆ ಸಿಕ್ಕಿಸುತ್ತ ಗಟ್ಟಿಯಾಗಿ ಹೇಳಿದ:

“ಎರಡು.”