ಏಳಡಿ ದೂರದ ಹರಿವಾಣ

ಮೊಮ್ಮಗಳು ಪ್ರವೇಶ ಪರೀಕ್ಷೆಯ ಲೆಕ್ಕಕ್ಕೆ ವೃತ್ತ ಎಳೆದು ಸುತ್ತಲೂ ಚುಕ್ಕಿ ಇಡುತ್ತಿದ್ದಳು. ನನ್ನ ಕಿವಿ ಬಿಸಿಯಾಯಿತು.

ನಾನು ಚಿಕ್ಕವಳಿದ್ದಾಗ, ಉಪ್ಪಿನಂಗಡಿಯಲ್ಲಿ ಎಂಟನೆಯ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಮುಗಿಸಿ ಬಂದಿದ್ದೆವು. ಲೆಕ್ಕದ ಮಾಸ್ತರರು ಶಾಲೆಯ ಜಗಲಿಯಲ್ಲಿ ಒಬ್ಬೊಬ್ಬರ ಉತ್ತರ ಕೇಳುತ್ತಿದ್ದರು. ಎಂಟು ಜನ ಸಮಾನ ಅಂತರದಲ್ಲಿ ವೃತ್ತಾಕಾರವಾಗಿ ಊಟಕ್ಕೆ ಕೂತಿದ್ದಾರೆ. ತ್ರಿಜ್ಯ ಏಳು ಅಡಿ. ಪರಿಧಿಯ ಮೇಲೆ ಇಬ್ಬರ ನಡುವಿನ ದೂರವೆಷ್ಟು?

ಎಲ್ಲರೂ ಐದೂವರೆ ಅಡಿ ಎಂದರು.

"ಪ್ರಶ್ನೆಯೇ ತಪ್ಪು ಅಂತ ಬರೆದೆ ಸರ್," ಎಂದೆ ನಾನು. "ಏಳಡಿ ದೂರ ಕೂತರೆ ಹರಿವಾಣಕ್ಕೆ ಕೈ ಎಟಕುದಿಲ್ಲ."

"ಹರಿವಾಣ ಎಲ್ಲಿ ಉಂಟು ಮಾರಾಯ್ತಿ?" ಎಂದರು ಮಾಸ್ತರರು.

ನಮ್ಮ ಬ್ಯಾರಿ ಮುಸ್ಲಿಮರ ಮನೆಗಳಲ್ಲಿ ಒಂದೇ ದೊಡ್ಡ ಹರಿವಾಣದ ಸುತ್ತ ಕೂತು ಉಣ್ಣುವುದು ರೂಢಿ. ಬೇರೆ ರೀತಿಯ ಊಟ ನನಗೆ ಹೊಳೆದೇ ಇರಲಿಲ್ಲ.

"ಎಲ್ಲರೂ ಒಂದರಲ್ಲೇ ಉಣ್ಣುದಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ಜಗಲಿಯಿಡೀ ನಕ್ಕಿತು.

ಮನೆಯಲ್ಲಿ ಉಮ್ಮ ಹರಿವಾಣಕ್ಕೆ ಅನ್ನ ಸುರಿದು ಕರೆದರು.

"ನನಗೆ ಬೇರೆ ತಟ್ಟೆ ಬೇಕು."

"ಎಂತ, ಜ್ವರ ಉಂಟಾ?" ಎಂದು ಹಣೆ ಮುಟ್ಟಿ ನೋಡಿದರು ಉಮ್ಮ. ಆಮೇಲೆ ತಟ್ಟೆ ಕೊಟ್ಟರು. ನಾನು ಗೋಡೆಗೆ ಮುಖ ಮಾಡಿ ಉಂಡೆ. ತಿರುಗಿ ನೋಡಿದರೆ, ಅಕ್ಕಂದಿರು ಯಾರೂ ಹರಿವಾಣದ ಬಳಿಯ ನನ್ನ ಜಾಗಕ್ಕೆ ಸರಿದಿರಲಿಲ್ಲ.

"ಉತ್ತರ ಸರಿ ಉಂಟಾ?" ಎಂದು ಮೊಮ್ಮಗಳು ವೃತ್ತವನ್ನು ಮುಂದೆ ಹಿಡಿದಳು. ಚುಕ್ಕಿಗಳ ನಡುವೆ ನಾನು ನನ್ನ ಆ ಖಾಲಿ ಜಾಗ ಹುಡುಕುತ್ತಿದ್ದೆ.