ಸಿಟ್ಟಿಗೊಂದು ಕಡಲೆಕಾಳು

ಮಗಳು ತನ್ನ ತಾಯಿಗೆ ಬರೆದ ಪತ್ರವನ್ನು ನಾನೇ ಓದಬೇಕಾಗಿತ್ತು. ಅಣ್ಣಿಗೇರಿ ಬಾಜೂಕಿನ ಆ ಹಳ್ಳಿಯಲ್ಲಿ ಅರ್ಧ ಊರಿಗೆ ಅಕ್ಷರ ಕಲಿಸಿದ ಕನ್ನಡ ಶಾಲೆಯ ಮಾಸ್ತರ ನಾನು. ಹೆಂಡತಿಗೆ ಕಲಿಸಲು ಮಾತ್ರ ನನಗೆ ಪುರುಸೊತ್ತು ಆಗಿರಲಿಲ್ಲ. ಹೀಗಾಗಿ ಇನ್‌ಲ್ಯಾಂಡ್ ಪತ್ರ ಒಡೆದು, ಪಡಸಾಲೆಯಲ್ಲಿ ಕೂತು, ವರ್ಗದಲ್ಲಿ ಪಾಠ ಓದುವ ದನಿಯಲ್ಲಿ ಶುರು ಮಾಡಿದೆ. ಎರಡನೇ ಸಾಲಿಗೇ ದನಿ ಇಳಿಯಿತು.

‘ಅವ್ವಾ, ಅಪ್ಪಾರ ಸಿಟ್ಟು ಕಡಿಮಿ ಆದ್ರ ಪಂಚಮಿಗೆ ಬರ್ತೀನಿ. ಇಲ್ಲಂದ್ರ ಬರೂದಿಲ್ಲ. ಕಡಿಮಿ ಆಗೇತೋ ಇಲ್ಲೋ ನೀ ಹೇಳಬೇಕು. ಅವರು ಹೇಳಿದ್ದು ನಡಿಯೂದಿಲ್ಲ.’

ಕುಂದಗೋಳಕ್ಕೆ ಮದುವೆಯಾಗಿ ಹೋದವಳು ಮೊದಲ ವರ್ಷದ ಪಂಚಮಿಗೆ ಗಂಡನ ಜೊತೆ ಬಂದಿದ್ದಳು. ಊಟಕ್ಕೆ ಕೂತಾಗ ಪಲ್ಯಕ್ಕೆ ಉಪ್ಪಿರಲಿಲ್ಲ. ನಾನು ತಾಟನ್ನೆತ್ತಿ ಅಂಗಳಕ್ಕೆ ಎಸೆದೆ. ಬಡಿಸುತ್ತಿದ್ದವಳು ಮಗಳು, ನನ್ನ ಬಾಜು ಉಣ್ಣುತ್ತಿದ್ದವನು ಅಳಿಯ. ಅವತ್ತೇ ಸಂಜೆಯ ಬಸ್ಸಿಗೆ ಇಬ್ಬರೂ ಹೊರಟುಹೋದರು. ದೀಪಾವಳಿಗೂ ಬರಲಿಲ್ಲ. ಯುಗಾದಿಯ ಹೊತ್ತಿಗೆ ಈ ಪತ್ರ ಬಂತು. ಪಂಚಮಿಗೆ ಮಗಳು ತವರಿಗೆ ಬರದಿದ್ದರೆ ಓಣಿಯವರೆಲ್ಲ ಕಾರಣ ಕೇಳುತ್ತಾರೆ, ಅದು ಬೇರೆ ಮಾತು. ನನಗೆ ಅವಳನ್ನು ನೋಡಬೇಕಾಗಿತ್ತು. ಇರುವವಳು ಒಬ್ಬಳೇ.

‘ಕಡಿಮಿ ಆಗೇತಿ ಅಂತ ಬರದಬಿಡ್ಲೇನು?’ ಎಂದೆ.

‘ಆಗಿಲ್ಲಲ್ರಿ,’ ಎಂದಳು ಹೆಂಡತಿ.

‘ಎಷ್ಟು ಆಗಿಲ್ಲ?’

‘ಅದನ್ನ ಹೆಂಗ ಹೇಳೂದ್ರಿ? ಮೊದಲಿನಷ್ಟ ಐತಿ.’

ಮೊದಲಿನಷ್ಟು ಎಂದರೆ ಎಷ್ಟು? ಇಂಥ ಅಡ್ಡಗೋಡೆಯ ಮೇಲಿನ ಮಾತು ನನಗೆ ಆಗುತ್ತಿರಲಿಲ್ಲ. ಮಕ್ಕಳ ನಡತೆಗೂ ಹತ್ತಕ್ಕೆ ಏಳು, ಹತ್ತಕ್ಕೆ ಎಂಟು ಎಂದು ಅಂಕ ಕೊಟ್ಟವನು ನಾನು. ವರ್ಷಕ್ಕೊಮ್ಮೆ ಬರುವ ತಪಾಸಣೆಯ ಸಾಹೇಬರು ಹೊಸದಾಗಿ ಸುಣ್ಣ ಬಳಿದ ಗೋಡೆ ನೋಡಿ, ಹಾಜರಿಪಟ್ಟಿ ಕೂಡಿಸಿ, ಚಹಾ ಕುಡಿದು, ‘ಶಾಲೆಯ ಪ್ರಗತಿ ತೃಪ್ತಿಕರ’ ಎಂದು ಬರೆದು ಹೋಗುತ್ತಿದ್ದರು. ಒಬ್ಬ ಹುಡುಗನ ಬಾಯಿಂದಲೂ ಅವರು ಒಂದು ಮಗ್ಗಿ ಹೇಳಿಸಿದ್ದು ನನಗೆ ನೆನಪಿಲ್ಲ. ಆದರೂ ಆ ಷರಾ ಓದಿದಾಗಲೆಲ್ಲ ಶಾಲೆ ನಿಜವಾಗಿಯೂ ಮುಂದೆ ಹೋಗಿದೆ ಎಂದು ನನಗೆ ಅನಿಸುತ್ತಿತ್ತು.

ಸಿಟ್ಟಿಗೂ ಒಂದು ಪಟ್ಟಿ ಬೇಕು ಎಂದು ತೀರ್ಮಾನಿಸಿದೆ. ಪಡಸಾಲೆಯ ಗೋಡೆಯ ಮಾಡದಲ್ಲಿ ಹಿತ್ತಾಳೆಯ ತಂಬಿಗೆ ಇಟ್ಟೆ. ಹೊಲದಲ್ಲಿ ಬೆಳೆದ ಕಡಲೆಯನ್ನು ಒಂದು ಬಟ್ಟಲಲ್ಲಿ ತುಂಬಿ ಅದರ ಪಕ್ಕಕ್ಕಿಟ್ಟೆ. ನಾನು ಸಿಟ್ಟು ಮಾಡಿದಾಗೊಮ್ಮೆ ಹೆಂಡತಿ ಒಂದು ಕಾಳು ಹಾಕಬೇಕು. ಕೂಗಿದರೆ ಒಂದು, ಏನಾದರೂ ಎಸೆದರೆ ಎರಡು. ವಾರಕ್ಕೊಮ್ಮೆ ತಂಬಿಗೆ ಬರಿದು ಮಾಡಿ, ಎಣಿಸಿ ನಾನು ವಹಿಯಲ್ಲಿ ಬರೆಯುವುದು. ಪರೀಕ್ಷಕಳು ಅವಳು, ಪರೀಕ್ಷೆಗೆ ಕೂತವನು ನಾನು, ನಿಯಮ ಮಾಡಿದವನೂ ನಾನು.

ಮೊದಲ ದಿನ ಮಧ್ಯಾಹ್ನದೊಳಗೆ ಒಂಬತ್ತು ಕಾಳು ಬಿದ್ದವು. ಅದರಲ್ಲಿ ನಾಲ್ಕು, ಕಾಳು ಹಾಕಿದ್ದಕ್ಕೆ ಬಂದ ಸಿಟ್ಟಿನವು. ಖಾಲಿ ತಂಬಿಗೆಯಲ್ಲಿ ಕಾಳು ಬಿದ್ದರೆ ಟಣ್ ಎನ್ನುತ್ತದೆ. ಆ ಸದ್ದಿಗೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ‘ಸಾವಕಾಶ ಹಾಕಾಕ ಬರೂದಿಲ್ಲೇನ ನಿನಗ?’ ಎಂದು ಒದರುತ್ತಿದ್ದೆ. ಅದಕ್ಕೂ ಅವಳು ಇನ್ನೊಂದು ಹಾಕುತ್ತಿದ್ದಳು. ವಾರದ ಕೊನೆಗೆ ತಂಬಿಗೆಯ ತಳ ಕಾಣುತ್ತಿರಲಿಲ್ಲ.

ಎರಡನೇ ವಾರದಿಂದ ತಿದ್ದುಪಡಿಗಳು ಬಂದವು. ಶಾಲೆಯಲ್ಲಿ ಮಾಡಿದ ಸಿಟ್ಟು ಸರಕಾರದ್ದು, ಅದು ಮನೆಯ ಲೆಕ್ಕಕ್ಕೆ ಬರುವುದಿಲ್ಲ. ಎತ್ತಿಗೆ ಬೈದದ್ದು ಒಕ್ಕಲುತನ. ಬಸ್ ಕಂಡಕ್ಟರನ ಜೊತೆ ಜಗಳ ಆಡಿದ್ದು ನಾಗರಿಕನ ಹಕ್ಕು. ನನಗೆ ಕಿವಿ ಸ್ವಲ್ಪ ಮಂದ ಇದ್ದುದರಿಂದ ಎತ್ತರದ ದನಿಯನ್ನೆಲ್ಲ ಸಿಟ್ಟು ಎನ್ನಲಾಗದು ಎಂದೂ ಒಂದು ಕಲಮು ಸೇರಿಸಿದೆ. ಕಿವಿ ಅದಕ್ಕೂ ಮೊದಲು ಮಂದ ಇತ್ತೆಂದು ಹೆಂಡತಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಅವಳ ದಾರಿ ಬೇರೆಯಿತ್ತು. ನನಗೆ ಹೇಳದೆ ಯಮನೂರಿನ ದರ್ಗಾಕ್ಕೆ ಹೋಗಿ ಹರಕೆ ಹೊತ್ತು ಬಂದಿದ್ದಳು. ಅಲ್ಲಿಗೆ ಜನ ತೊನ್ನು, ಕಜ್ಜಿ ವಾಸಿಯಾಗಲಿ ಎಂದು ಹೋಗುತ್ತಿದ್ದರು. ನನ್ನನ್ನೂ ಆ ಸಾಲಿಗೆ ಸೇರಿಸಿದ್ದಾಳೆಂದು ತಿಳಿದಾಗ ಎರಡು ಕಾಳು ಖರ್ಚಾದವು.

ಆದರೆ ಲೆಕ್ಕ ಇಳಿಯುತ್ತ ಬಂತು. ಬಸವ ಜಯಂತಿಯ ವಾರಕ್ಕೆ ಒಂದು ಹಿಡಿ. ಕಾರಹುಣ್ಣಿಮೆಯ ವಾರಕ್ಕೆ ಐದೇ ಕಾಳು. ಮಣ್ಣೆತ್ತಿನ ಅಮಾವಾಸ್ಯೆ ದಾಟಿದ ಮೇಲೆ ತಂಬಿಗೆ ಬರಿದು. ನಾನು ಪ್ರಯತ್ನವನ್ನೇ ಮಾಡಲಿಲ್ಲ ಎಂದರೆ ಸುಳ್ಳಾದೀತು. ಸಿಟ್ಟು ಬಂದರೆ ಎದ್ದು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ಆದರೆ ಹಿತ್ತಲಿಗೆ ಹೋಗುವ ಪ್ರಸಂಗಗಳೂ ದಿನದಿನಕ್ಕೆ ಕಡಿಮೆಯಾದವು. ಮನೆ ಅಗದಿ ಶಾಂತವಾಗಿತ್ತು. ನಾನು ಬಂದರೆ ಮಣೆ, ನೀರು, ರೊಟ್ಟಿ ಎಲ್ಲ ಸಿದ್ಧ. ಕೇಳಿದ್ದಕ್ಕೆ ಉತ್ತರ ‘ಹೌದ್ರಿ’. ನನ್ನ ಮನಸ್ಸು ಹದಕ್ಕೆ ಬಂದದ್ದರಿಂದ ಮನೆಯೂ ಹದಕ್ಕೆ ಬಂದಿದೆ ಎಂದುಕೊಂಡೆ. ಶಾಲೆಯಲ್ಲಿ ಇನ್ನೊಬ್ಬ ಮಾಸ್ತರರಿಗೆ ಕ್ರೋಧವನ್ನು ಗೆಲ್ಲುವ ಬಗೆಯ ಮೇಲೆ ಒಂದು ತಾಸು ಹೇಳಿದೆ. ಅವರು ನಡುವೆ ಆಕಳಿಸಿದರು. ನಾನು ಸಿಟ್ಟಾಗಲಿಲ್ಲ. ಹಾಗೆ ನೋಡಿದರೆ ಶಾಲೆಯ ಸಿಟ್ಟು ಲೆಕ್ಕಕ್ಕೂ ಇರಲಿಲ್ಲ.

ನಾಗರ ಅಮಾವಾಸ್ಯೆಗೆ ಒಂದು ವಾರ ಮೊದಲು ಕಾಗದ, ಪೆನ್ನು ತಂದು ಹೆಂಡತಿಯ ಮುಂದೆ ಕೂತೆ. ‘ಹೇಳು, ಏನ ಬರೀಲಿ?’

ಅವಳು ತಂಬಿಗೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ‘ಕಾಳು ಬಿದ್ದಿಲ್ಲ ಅಂತ ಬರೀರಿ.’

‘ಸಿಟ್ಟು ಹೋಗೇತಿ ಅಂತ ಬರೀಲೇನು?’

‘ಕಾಳು ಬಿದ್ದಿಲ್ಲ ಅಂತ ಬರೀರಿ,’ ಎಂದಳು ಮತ್ತೆ.

ನಾನು ಸಿಟ್ಟು ಹೋಗಿದೆ ಎಂದೇ ಬರೆದೆ. ಎರಡರ ಅರ್ಥ ಒಂದೇ ಎಂದು ಆಗ ನಂಬಿದ್ದೆ.

ಮಗಳು ಬಂದಳು, ಒಬ್ಬಳೇ. ಬಸ್ಸಿನಿಂದ ಇಳಿದವಳನ್ನು ಕಂಡು ನನ್ನ ಕಣ್ಣು ತುಂಬಿದವು. ಮನೆಗೆ ಬಂದ ಕೂಡಲೇ, ಅವಳು ಕೈಕಾಲು ತೊಳೆಯುವ ಮೊದಲೇ, ತಂಬಿಗೆ ಬೋರಲು ಹಾಕಿ ತೋರಿಸಿದೆ. ವಹಿಯನ್ನೂ ಬಿಚ್ಚಿ ಯುಗಾದಿಯಿಂದ ಲೆಕ್ಕ ಹೇಗೆ ಇಳಿದಿದೆ ಎಂದು ಬೆರಳಿಟ್ಟು ಓದಿದೆ. ‘ಛಲೋ ಆತ್ರಿ,’ ಎಂದು ಒಳಗೆ ಹೋದಳು.

ಪಂಚಮಿಯ ಊಟಕ್ಕೆ ಮೂವರೂ ಕೂತೆವು. ಶೇಂಗಾದ ಉಂಡೆ ಮುರಿಯುತ್ತ ಮಗಳು ತಾಯಿಯ ಮುಖವನ್ನೇ ನೋಡುತ್ತಿದ್ದಳು.

‘ಅವ್ವಾ, ಒಂದ ಕಡೆ ಯಾಕ ಅಗೀತಿ?’

‘ಏನಿಲ್ಲ ತಗೋ. ಹಲ್ಲು ಕಿತ್ತಿಸೀನಿ.’

‘ಯಾವಾಗ?’

ಹೆಂಡತಿ ನನ್ನನ್ನು ನೋಡಿದಳು. ‘ಕಾರಹುಣ್ಣಿಮಿ ಮುಂದ. ಬಾತು ಭಾಳ ತ್ರಾಸ ಆಗಿತ್ತು. ಬಾಜೂಮನಿ ಅಕ್ಕನ ಜೋಡಿ ಅಣ್ಣಿಗೇರಿಗೆ ಹೋಗಿ ಬಂದೆ.’

ಐದು ಕಾಳಿನ ವಾರ. ದವಡೆ ಬಾತವಳು ನನ್ನೆದುರು ಎಂಟು ದಿನ ರೊಟ್ಟಿ ಬಡಿದಿದ್ದಳು. ನಾನು ಕಂಡಿರಲಿಲ್ಲ. ‘ನನಗ್ಯಾಕ ಹೇಳಲಿಲ್ಲ?’ ಎಂದೆ. ದನಿ ಏರಿತ್ತು. ಅವಳು ನನ್ನ ತಾಟಿಗೆ ಇನ್ನೊಂದು ಉಂಡೆ ಹಾಕಿದಳು. ಕಾಳು ಹಾಕಬೇಕಾದ ತಂಬಿಗೆಯ ಕಡೆ ನೋಡಲೂ ಇಲ್ಲ.

ಸಂಜೆ ಮಗಳು ಅಂಗಳದಲ್ಲಿ ನನ್ನ ಹತ್ತಿರ ಬಂದು ಕೂತಳು. ಅವಳ ಮಾತಿನಲ್ಲಿ ಬಿರುಸು ಇರಲಿಲ್ಲ. ಅದಕ್ಕೇ ಕೇಳುವುದು ಕಷ್ಟವಾಯಿತು.

‘ಅಪ್ಪಾ, ಕಾಳು ಎಣಿಸಿದ್ರ ನನಗ ತಿಳಿಯೂದಿಲ್ರಿ. ಮುಂಜಾನೆ ನಾನೂ ಅವ್ವನೂ ನಗಾಕ್ಹತ್ತಿದ್ವಿ. ನೀವು ಒಳಗ ಬಂದ್ರಿ, ಅವ್ವ ಸುಮ್ಮನಾದ್ಲು. ನೀವು ಬಂದಾಗ ಅವ್ವ ಮಾತು ನಿಲ್ಲಿಸದ ಇರಬೇಕು. ನಾ ಅಷ್ಟ ನೋಡ್ತೀನ್ರಿ.’

‘ಅದಕ್ಕ ನಾ ಏನ ಮಾಡಬೇಕು?’ ಎಂದೆ. ಬಾಯಿ ಮುಚ್ಚುವವಳು ಹೆಂಡತಿ, ಅಂಕ ಕಡಿತವಾಗುವುದು ನನ್ನದು. ಇದು ಯಾವ ನ್ಯಾಯ ಎಂದು ವಾದಿಸಬೇಕೆನಿಸಿತು. ವಾದಿಸಲಿಲ್ಲ. ಮಗಳು ಎದ್ದು ಪಂಚಮಿಯ ಜೋಕಾಲಿಯ ಕಡೆ ಹೋದಳು.

ಮರುದಿನ ಮಧ್ಯಾಹ್ನ ಶಾಲೆಯಿಂದ ಊಟಕ್ಕೆ ಬಂದೆ. ಬಾಗಿಲು ಮುಂದೆ ಮಾಡಿತ್ತು, ಅಗುಳಿ ಹಾಕಿರಲಿಲ್ಲ. ಒಳಗೆ ಹೆಂಡತಿ ಏನನ್ನೋ ಹೇಳುತ್ತಿದ್ದಳು. ತನ್ನ ತವರಿನ ಯಾವುದೋ ಹಳೆಯ ಸಂಗತಿ. ಯಾರೋ ಎಮ್ಮೆಯ ಮೇಲೆ ಕೂತು ಹಳ್ಳ ದಾಟಿದ್ದು. ಎಮ್ಮೆಯನ್ನೂ ಅದರ ಮೇಲೆ ಕೂತವನನ್ನೂ ಅವಳು ಅಣಕಿಸುತ್ತಿದ್ದಳು, ಮಗಳು ಬಿದ್ದುಬಿದ್ದು ನಗುತ್ತಿದ್ದಳು. ಇಪ್ಪತ್ತೈದು ವರ್ಷ ಬಾಳುವೆ ಮಾಡಿದವನಿಗೆ ಅವಳು ಅಣಕಿಸಬಲ್ಲಳೆಂದು ಗೊತ್ತಿರಲಿಲ್ಲ. ನಾನು ಚಪ್ಪಲಿ ಸದ್ದಾಗದಂತೆ ಕಳಚಿ ಕಟ್ಟೆಯ ಮೇಲೆ ಕೂತೆ.

ಬಾಜೂಮನೆಯ ಅಕ್ಕ ಕೊಡ ಹೊತ್ತು ಬಂದಳು. ‘ಯಾಕ್ರಿ ಮಾಸ್ತರ, ಹೊರಗ ಕುಂತೀರಿ?’

‘ಒಳಗ ಮಾತು ನಡದಾವು,’ ಎಂದೆ, ಆದಷ್ಟು ಸಣ್ಣ ದನಿಯಲ್ಲಿ.

ಒಳಗೆ ಮಾತು ನಿಂತಿತು. ಮಗಳು ಬಾಗಿಲಿಗೆ ಬಂದು ನನ್ನನ್ನು ನೋಡಿ ತಿರುಗಿ ಹೋದಳು. ‘ಹೇಳವ್ವಾ, ಎಮ್ಮಿ ನೀರಾಗ ಕುಂತಮ್ಯಾಲ ಏನಾತು?’ ಎಂದು ಅವಳು ಕೇಳುವುದು ಹೊರಗೆ ಕೇಳಿಸಿತು. ನಾನೂ ಕಾದೆ. ಎಮ್ಮೆಯ ಮಾತಿಗೆ ಬದಲು, ಹೆಂಡತಿ ನನಗೆ ಊಟದ ಮಣೆ ಹಾಕುವ ಸದ್ದು ಕೇಳಿಸಿತು.